ತೆಗೆದಿಟ್ಟ ರೊಟ್ಟಿ

ಬಿದಿರಿನ ಬುಟ್ಟಿಯಲ್ಲಿ ಒಂದೇ ಒಂದು ಜೋಳದ ರೊಟ್ಟಿ. ಮೇಲೆ ಹೊದಿಸಿದ ಬಿಳಿಯ ಬಟ್ಟೆಯ ಮೂಲೆ ಜಾರಿದೆ; ಅಲ್ಲಿ ಕಾಣುವ ಸುಟ್ಟ ಅಂಚಿನ ಮೇಲೆ ತಟ್ಟಿದ ಬೆರಳುಗಳ ಗುರುತು ಇನ್ನೂ ಉಳಿದಿದೆ. ಪಕ್ಕದಲ್ಲಿ ಮಗುಚಿಟ್ಟ ಹಿತ್ತಾಳೆಯ ಲೋಟ, ಅದರ ಹೊಟ್ಟೆಯ ಮೇಲೆ ಕಿಟಕಿಯ ಬೆಳಕಿನ ಸಣ್ಣ ಗೆರೆ.

ದೂರ ಹೋದವನ ಪಾಲನ್ನು ತೆಗೆದಿಡುವುದು ಮೋರಖಂಡಿ ಹಳ್ಳಿಯ ಜಿಜಾಬಾಯಿಯ ಮನೆತನದ ರೂಢಿ. ಮಗ ಸೂರ್ಯಕಾಂತ ಹುಮನಾಬಾದಿನಲ್ಲಿ ಇನ್ನೊಬ್ಬಳೊಡನೆ ಸಂಸಾರ ಹೂಡಿ ಮೂರು ವರ್ಷವಾದರೂ, ಬಸವಕಲ್ಯಾಣದ ಈ ಬಾಡಿಗೆ ಮನೆಯಲ್ಲಿ ಆಕೆ ಅದನ್ನು ತಪ್ಪಿಸಿರಲಿಲ್ಲ. ಬೆಳಗಾದರೆ ಆ ರೊಟ್ಟಿ ಓಣಿಯ ಎಮ್ಮೆಗೆ. ಸೊಸೆ ರೂಪಾಲಿ ಪಡಸಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳಿ ಮನೆ ನಡೆಸುತ್ತಿದ್ದಳು.

ಆ ಸಂಜೆ ಕಾಲೇಜು ಹುಡುಗಿ ಸಾಕ್ಷಿ ಹಲಗೆಯ ಮೇಲಿನ ಎರಡು ವಾಕ್ಯ ತೋರಿಸಿ ಕೇಳಿದಳು: “ಮೇಡಂ, ‘ಹ್ಯಾವ್ ಲಾಸ್ಟ್’ಗೂ ‘ಲಾಸ್ಟ್’ಗೂ ಏನ್ ಫರಕ್ರಿ? ಎರಡರಾಗೂ ಕೀಲಿ ಕಳದದ ಅಲ್ರಿ?”

“‘ಐ ಹ್ಯಾವ್ ಲಾಸ್ಟ್ ಮೈ ಕೀ’ ಅಂದ್ರ ಕೀಲಿ ಈಗೂ ಇಲ್ಲ, ನೀ ಇನ್ನೂ ಬಾಗಿಲ ಹೊರಗ ನಿಂತಿದಿ. ‘ಐ ಲಾಸ್ಟ್ ಮೈ ಕೀ ಯೆಸ್ಟರ್‌ಡೇ’ ಅಂದ್ರ ಅದು ನಿನ್ನಿ ಮಾತು. ನಿನ್ನಿಗೇ ಮುಗೀತು.”

“ಬಂದೀನಿ,” ಎಂದಿತು ಹೊಸ್ತಿಲಲ್ಲಿ ಒಂದು ದನಿ. ಸೂರ್ಯಕಾಂತ. ಸಾಕ್ಷಿ ಪುಸ್ತಕ ಮಡಚಿ ಹೊರಟುಹೋದಳು.

“ಆಕಿ ಬಿಟ್ಟು ಹೋದ್ಳು. ಈ ಕ್ಲಾಸ್ ಗೀಸ್ ಬಂದ್ ಮಾಡಿ ನಾಳೆ ಹುಮನಾಬಾದಕ್ಕ ನಡಿ. ಅಡಗಿ ಮಾಡೋರಿಲ್ಲ.” ಅವನು ಒಳಗೆ ಹೋಗಿ ಬುಟ್ಟಿಯ ಬಟ್ಟೆ ಸರಿಸಿ ನಕ್ಕ. “ಮಾರಿ ಮ್ಯಾಲ ಸಿಟ್ಟು, ಬುಟ್ಟ್ಯಾಗ ರೊಟ್ಟಿ! ನನ್ನ ಹಾದಿ ಕಾಯಾಕತ್ತಿದಿ, ಹೌದಿಲ್ಲೋ?”

ರೂಪಾಲಿಯ ಬೆರಳುಗಳ ನಡುವೆ ಚಾಕ್‌ಪೀಸು ಪುಡಿಯಾಯಿತು. “ಅದು ತಾಯಿ ಮಗಗ ಇಟ್ಟ ರೊಟ್ಟಿ. ನಾ ಇಟ್ಟಿದ್ದಲ್ಲ. ಈ ಮುದುಕಿ ಜ್ವರದಾಗ ನಿಮ್ಮ ಹೆಸರು ಹಿಡದು ಒದರುವಾಗ ಎಲ್ಲಿದ್ರಿ? ಅಡಗಿಯಾಕಿ ಬೇಕಂದ್ರ ಖಾನಾವಳಿಗಿ ಹೋಗ್ರಿ!”

“ಅವ್ವಾ, ಕೇಳ್ದೇನ ಇಕಿ ಮಾತು? ಇದು ಯಾರ ಮನಿ?”

ಒಲೆಯ ಮುಂದೆ ಕೂತಿದ್ದ ಜಿಜಾಬಾಯಿ ಎದ್ದಳು. ರೊಟ್ಟಿಯನ್ನು ಅದೇ ಬಟ್ಟೆಯಲ್ಲಿಟ್ಟು, ಒಂದು ಉಳ್ಳಾಗಡ್ಡಿ ಸೇರಿಸಿ, ಹೊಲಕ್ಕೆ ಹೋಗುವವರಿಗೆ ಬುತ್ತಿ ಕಟ್ಟುವಂತೆ ಬಿಗಿಯಾಗಿ ಗಂಟು ಹಾಕಿದಳು.

“ಆಕಿ ಮನಿ. ಈ ಜ್ವಾಳನೂ ಆಕಿ ದುಡದದ್ದು. ಇಷ್ಟು ದಿನ ಬರಾಂವಗ ಇಟ್ಟಿದ್ದೆ ಲೇ, ಇವತ್ತು ಹೋಗಾಂವಗ ಕಟ್ಟೀನಿ. ಹಿಡಿ. ಹುಮನಾಬಾದ ಬಸ್ಸು ಇನ್ನೂ ಅದ.”

ಗಂಟನ್ನು ಮಗನ ಎದೆಗೆ ಒತ್ತುತ್ತಲೇ ಹೊಸ್ತಿಲು ದಾಟಿಸಿದಳು. ಅವನು ಏನೋ ಹೇಳಲು ತಿರುಗುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತು.