ನಿಲ್ಲಿಸಿದಾಗ ಓಡಿದ ಕ್ಯಾಮೆರಾ

ಹೊಸದಾಗಿ ಕ್ಯಾಮೆರಾ ಹಿಡಿದವರೆಲ್ಲ ಒಂದು ಸಲವಾದರೂ ಮಾಡುವ ತಪ್ಪನ್ನೇ ಫರಹತ್ ಮಾಡಿದ್ದಳು. ರೆಕಾರ್ಡ್ ಗುಂಡಿಯನ್ನು ಒಂದು ಸಲ ಹೆಚ್ಚಿಗೆ ಒತ್ತಿದ್ದಳು. ಅಲ್ಲಿಗೆ ಎಲ್ಲ ಉಲ್ಟಾ. ಶೂಟಿಂಗ್ ಶುರು ಎಂದುಕೊಂಡಾಗ ಕ್ಯಾಮೆರಾ ನಿದ್ದೆ ಹೊಡೆದಿತ್ತು. ಮುಗಿಯಿತೆಂದು ಹೆಗಲಿಗೆ ನೇತುಹಾಕಿಕೊಂಡಾಗ ಎದ್ದು ಕೂತು ನೆಲವನ್ನು ಚಿತ್ರೀಕರಿಸಿತ್ತು. ಹುಮನಾಬಾದಿನ ಕಾಲೇಜಿನಲ್ಲಿ ವಿಡಿಯೊ ಕಲಿಸುವ ಧನರಾಜ ಸರ್ ನೋಡಿದ್ದರೆ ನಕ್ಕು ನಕ್ಕು ಚಹಾ ಚೆಲ್ಲುತ್ತಿದ್ದರು.

ಫರಹತ್‌ಗೆ ಮಾತ್ರ ನಗು ಬರಲಿಲ್ಲ. ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ಒಬ್ಬಳೇ ಕೂತು ಆ ನೆಲದ ದೃಶ್ಯವನ್ನೇ ಮೂರನೇ ಸಲ ನೋಡುತ್ತಿದ್ದಳು. ಬಸವಕಲ್ಯಾಣದ ಕೋಟೆಗೆ ಹೋದವರು ಇಬ್ಬರು, ಅವಳು ಮತ್ತು ಗೆಳತಿ ರೂಪಾಲಿ. ಪರದೆಯ ಮೇಲೆ ನಡೆಯುತ್ತಿದ್ದದ್ದು ಮೂರು ಜೋಡಿ ಪಾದ. ಒಂದು ಅವಳ ಬೂಟು, ಇನ್ನೊಂದು ರೂಪಾಲಿಯ ಹಳದಿ ಚಪ್ಪಲಿ. ಮೂರನೆಯದು ಬರಿಗಾಲು, ಸುಣ್ಣ ಮೆತ್ತಿದಂತೆ ಬೆಳ್ಳಗೆ.

ರೂಪಾಲಿ ಮೂರು ದಿನದಿಂದ ಕಾಲೇಜಿಗೆ ಬಂದಿರಲಿಲ್ಲ. ಫೋನೂ ಬಂದ್.

ಎಲ್ಲ ತನ್ನಿಂದಲೇ ಆದದ್ದು. ಸಂದರ್ಶನಕ್ಕೆ ಫ್ರೇಮ್ ಇಡುವುದನ್ನು ಕಲಿಯಲು ಸರ್ ಒಂದು ಅಭ್ಯಾಸ ಹೇಳಿಕೊಟ್ಟಿದ್ದರು: ಟ್ರೈಪಾಡ್ ಹೂಡಿ, ಖಾಲಿ ಜಾಗದಲ್ಲಿ ಒಬ್ಬರು ನಿಂತಿದ್ದಾರೆಂದೇ ತಿಳಿದು ಮಾತಾಡಿಸಬೇಕು. ಕೋಟೆಯ ಬಾಗಿಲಿಲ್ಲದ ಕೋಣೆಯೊಂದರ ಮುಂದೆ ಫರಹತ್ ಟ್ರೈಪಾಡಿನ ಕಾಲು ಬಿಗಿದು, ಗಂಟಲು ಸರಿಮಾಡಿಕೊಂಡು ಕರೆದಳು: "ಬರ್ರಿ, ಹೀಂಗ ಬೆಳಕಿಗೆ ಬರ್ರಿ. ನಾಚ್ಕೋಬ್ಯಾಡ್ರಿ. ಆಮ್ಯಾಲ ನಮ್ಮ ಸಂಗಾಟ ಹುಮನಾಬಾದಿಗೆ ಬರ್ರಂತ."

ರೂಪಾಲಿ ಓಡಿಬಂದು ಅವಳ ಬಾಯಿ ಮುಚ್ಚಿದ್ದಳು. "ಏ ಹುಚ್ಚಿ! ಮಟಮಟ ಮಧ್ಯಾಹ್ನ ಖಾಲಿ ಜಾಗಕ್ಕ ಹಂಗ ಕರೀತಾರೇನ? ಯಾರರ 'ಓ' ಅಂದ್ರ ಏನ್ ಮಾಡ್ತಿ?"

"ಮೈಕ್ ಹಚ್ಚಿ ಕೂಡ್ರಿಸ್ತೀನಿ" ಎಂದು ಫರಹತ್ ಹಲ್ಲು ಕಿರಿದಿದ್ದಳು. ಎಲುಬಿಲ್ಲದ ನಾಲಿಗೆ, ಹಾಳಾದ್ದು!

ಈಗ ಅವಳಿಗೆ ತಿಳಿಯಬೇಕಾದದ್ದು ಒಂದೇ: ಆ ಪಾದಗಳು ಕೊನೆಗೆ ಯಾರ ಹಿಂದೆ ಹೋದವು? ಎರಡು ಸಲವೂ ಬಸ್ ಹತ್ತುವಲ್ಲಿಗೆ ಹೆದರಿ ನಿಲ್ಲಿಸಿದ್ದಳು. ಈ ಸಲ ನಿಲ್ಲಿಸದೆ ಮುಂದೆ ನೋಡಿದಳು. ಬಸ್ಸಿನಲ್ಲಿ ಇಬ್ಬರ ಕಾಲುಗಳ ನಡುವೆ ಆ ಬರಿಗಾಲುಗಳು ಕೂತಿದ್ದವು. ಜಾಗ ಮಾಡಿಕೊಡಲೆಂಬಂತೆ ರೂಪಾಲಿಯ ಚಪ್ಪಲಿ ಪಕ್ಕಕ್ಕೆ ಸರಿದಿತ್ತು. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಇಳಿದದ್ದೂ ಮೂವರೇ. ರೂಪಾಲಿ ತನ್ನೂರಿನ ಚಿಟಗುಪ್ಪ ಬಸ್ಸಿನ ಕಡೆ ತಿರುಗಿದಳು. ಬಿಳಿ ಪಾದಗಳೂ ತಿರುಗಿದವು. ಒಂದು ಹೆಜ್ಜೆ ಇಟ್ಟವು. ಎರಡು.

ಫರಹತ್ ಎರಡೂ ಕೈ ಎತ್ತಿದಳು. "ಯಾ ಅಲ್ಲಾ, ಆಕಿನ್ನ ಬಿಡು" ಎಂದು ಪರದೆಯ ಮುಂದೆ ಅತ್ತೇಬಿಟ್ಟಳು. "ಕರ್ದಾಕಿ ನಾನು. ಬರೋದಿದ್ರ ನನ್ನ ಕಡೆ ಬರಲಿ."

ಪಾದಗಳು ನಿಂತವು.

ಮೂರು ದಿನದ ಹಿಂದಿನ ಚಿತ್ರ ಅದು. ಆದರೂ ಈಗಷ್ಟೇ ಮಾತು ಕೇಳಿಸಿತೆಂಬಂತೆ ನಿಂತವು. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೊರಳಿ, ಅವಳ ಬೂಟುಗಳ ಪಕ್ಕಕ್ಕೆ ಬಂದವು.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ರೂಪಾಲಿ!

"ಮೂರು ದಿನ ಜ್ವರದಾಗ ಎಚ್ಚರಾನೇ ಇರ್ಲಿಲ್ಲ ನೋಡವ್ವಾ. ಈಗ ಒಮ್ಮೆಲೆ ಬಿಟ್ಟದ. ಯಾರೋ ಎದಿ ಮ್ಯಾಲಿಂದ ಎದ್ದು ಹೋದಂಗ ಆತು."

ಫರಹತ್ ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. ಗೆಳತಿ ಉಳಿದಿದ್ದಳು, ಅದಕ್ಕಿಂತ ಹೆಚ್ಚಿನದೇನೂ ಅವಳಿಗೆ ಬೇಕಿರಲಿಲ್ಲ. ಎಡಿಟಿಂಗ್ ಕೋಣೆಗೆ ಎಲ್ಲರೂ ಬೂಟು ಹೊರಗೆ ಬಿಟ್ಟೇ ಬರಬೇಕು. ಮೇಜಿನ ಕೆಳಗೆ ಅವಳ ಕಾಲ್ಬೆರಳಿಗೆ ತಣ್ಣನೆಯದೇನೋ ತಾಗಿ, ಅಲ್ಲೇ ಉಳಿಯಿತು.

"ಯಾಕ ಅಳಾಕತ್ತಿ? ಒಬ್ಬಾಕೇ ಇದ್ದೀಯೇನ?" ಎಂದಳು ರೂಪಾಲಿ.

ಫರಹತ್ ಕೆಳಗೆ ನೋಡಲಿಲ್ಲ. ಈಗಷ್ಟೇ ಜ್ವರ ಬಿಟ್ಟವಳನ್ನು ಮತ್ತೆ ಹೆದರಿಸಬಾರದೆಂದು ದನಿ ಗಟ್ಟಿಮಾಡಿಕೊಂಡಳು.

"ಹೌದವ್ವಾ" ಎಂದಳು. "ಒಬ್ಬಾಕೇ ಇದ್ದೀನಿ."