ಈಶಾನ್ಯ ಮೂಲೆಯ ಜಾಕಿ

ನಾನೊಂದು ಜಾಕಿ. ಮನೆ ಎತ್ತುವ ಜಾಕಿ. ಮನೆಯನ್ನೂ ಎತ್ತುತ್ತಾರೆಯೇ ಎಂದು ನೀವು ಹುಬ್ಬೇರಿಸುತ್ತೀರಿ, ಗೊತ್ತು. ಎತ್ತುತ್ತಾರೆ. ಒಂದು ಕಡೆ ಕುಸಿದ ಮನೆಯ ಗೋಡೆಯಡಿ ನಮ್ಮಂಥವರನ್ನು ಸಾಲಾಗಿ ಕೂರಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆತ್ತಿ, ಕೆಳಗೆ ಹೊಸ ಪಾಯ ಕಟ್ಟುತ್ತಾರೆ. ಕಟ್ಟಿದ ಮೇಲೆ ನಮ್ಮನ್ನು ಹೊರಗೆಳೆದು ಟೆಂಪೋಗೆ ಹಾಕುತ್ತಾರೆ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ. ಕೆಂಪಗೆ ಕುದಿಯುವ ಕಬ್ಬಿಣವನ್ನು ಮರಳಿನ ಅಚ್ಚಿಗೆ ಹೊಯ್ದರು. ಆರಿದಾಗ ನನಗೊಂದು ಮೈ ಬಂದಿತ್ತು. ಲೇತಿನವನು ನನ್ನ ಬೋಲ್ಟಿನ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸಿ, "ಇಂವಾ ಬಾಳ್ತಾನ ನೋಡ" ಎಂದ. ನನ್ನ ಬಗ್ಗೆ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ.

ಮೊದಲು ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ಲಾರಿ ಎತ್ತುತ್ತಿದ್ದೆ. ಲಾರಿ ಎತ್ತುವುದು ಅಂಥ ದೊಡ್ಡ ಮಾತಲ್ಲ. ಚಕ್ರ ಬದಲಾಯಿಸಿ ಕೆಳಗಿಳಿಸಿದರೆ ಅದು ಹೊಗೆ ಬಿಟ್ಟುಕೊಂಡು ತನ್ನ ದಾರಿ ಹಿಡಿಯುತ್ತದೆ, ಹಿಂತಿರುಗಿ ನೋಡುವುದಿಲ್ಲ. ಆಮೇಲೆ ಗ್ಯಾರೇಜು ಮುಚ್ಚಿತು. ಮನೆ ಎತ್ತುವ ಗುತ್ತಿಗೆದಾರ ಯಮನೂರಪ್ಪ ನನ್ನನ್ನು ಹಳೇ ಸಾಮಾನಿನ ಜೊತೆ ಕೊಂಡುಕೊಂಡ. ಅಂದಿನಿಂದ ನನ್ನ ತಲೆ ಮೇಲೆ ಜನರ ಸಂಸಾರ ಬಂದು ಕೂತಿತು. ಒಲೆ, ತೊಟ್ಟಿಲು, ದೇವರ ಜಗಲಿ, ಜಗಳ ಎಲ್ಲ ಸೇರಿದ ಭಾರ ಅದು.

ಎಷ್ಟೋ ಮನೆ ಎತ್ತಿದೆ. ಆದರೆ ನಾನು ಹೇಳಬೇಕಾದದ್ದು ಗದಗಿನ ಹೊರಗಿನ ಬಡಾವಣೆಯ ಫಕ್ಕೀರಪ್ಪನ ಮನೆಯ ಕಥೆ.

ಫಕ್ಕೀರಪ್ಪನದು ಹಿಟ್ಟಿನ ಗಿರಣಿ. ಹುಬ್ಬಿನ ಮೇಲೂ ಜೋಳದ ಹಿಟ್ಟು ಕೂತ ಮನುಷ್ಯ. ಮನೆ ಕಟ್ಟಿಸಿದ್ದು ಎರೆ ನೆಲದಲ್ಲಿ. ಎರೆ ಮಣ್ಣಿನ ಸ್ವಭಾವ ನಿಮಗೆ ಗೊತ್ತಲ್ಲ, ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಆ ಉಬ್ಬರ ಬಿರುಕಿನಲ್ಲಿ ಮನೆಯ ಮೂಡಣ ಗೋಡೆ ಉದ್ದಕ್ಕೂ ಕುಸಿದಿತ್ತು. ಅದರಲ್ಲೂ ಈಶಾನ್ಯ ಮೂಲೆಯ ಕೋಣೆಯಲ್ಲಿ ಗೋಲಿ ಬಿಟ್ಟರೆ ತಾನೇ ಉರುಳಿ ಮೂಲೆ ಸೇರುತ್ತಿತ್ತು.

ಆ ಕೋಣೆಯನ್ನೇ ಅವನ ಹೆಂಡತಿ ದ್ಯಾಮವ್ವ ಮಗಳ ಬಾಣಂತನಕ್ಕೆ ಎತ್ತಿಟ್ಟಿದ್ದಳು. ಒಬ್ಬಳೇ ಮಗಳು ಅನ್ನಪೂರ್ಣ, ರೋಣದ ಕಡೆ ಕೊಟ್ಟಿದ್ದರು. ಚೊಚ್ಚಲ ಬಸಿರು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ದ್ಯಾಮವ್ವ ಆಗಲೇ ಬಾಣಂತಿಯ ಉಂಡಿಗೆಂದು ಅಂಟು, ಉತ್ತತ್ತಿ, ಒಣಕೊಬ್ಬರಿ ತರಿಸಿ ಡಬ್ಬಿ ತುಂಬಿದ್ದಳು. ಮಗಳು ಬರುವುದರೊಳಗೆ ಮನೆ ನೆಟ್ಟಗಾಗಬೇಕೆಂದು ಗಂಡನ ಬೆನ್ನು ಹತ್ತಿ ಯಮನೂರಪ್ಪನನ್ನು ಕರೆಸಿದವಳೂ ಅವಳೇ.

ಯಮನೂರಪ್ಪ ಮಾತಿನಲ್ಲೇ ಅರ್ಧ ಮನೆ ಎತ್ತುವವನು. ಬಂದ ದಿನವೇ ಕಟ್ಟೆ ಮೇಲೆ ಕೂತು ಶುರು ಮಾಡಿದ.

"ನೋಡ್ರಿ ಅವ್ವಾರ, ಮೊದಲ ಹೇಳಿ ಬಿಡ್ತೀನಿ. ಜಾಕಿ ಹಚ್ಚಿದಮ್ಯಾಲ ಮನಿ ಮಾತಾಡತೈತಿ. ಟಕ್ ಅಂತೈತಿ, ಕಿರ್ ಅಂತೈತಿ, ಹೆದರಬ್ಯಾಡ್ರಿ. ತೆರೆದ ಬಾಗಲಾ ಮುಚ್ಚಂಗಿಲ್ಲ, ಮುಚ್ಚಿದ್ದು ತೆರಿಯಂಗಿಲ್ಲ. ನಳದ ಪೈಪ್ ಕೊಯ್ತೀವಿ. ನೆಲದ ಫರಸಿ ಒಂದೆರಡು ಸೀಳತಾವು. ಇನ್ನ ಧೂಳಂತೂ ಸಾರಿನ್ಯಾಗೂ ಬರತೈತಿ."

"ಮತ್ತ ಉಳಿಯೂದು ಏನ್ರಿ?" ಎಂದಳು ದ್ಯಾಮವ್ವ.

"ಮನಿ ಉಳಿತೈತ್ರೀ ಅವ್ವಾ!"

ಎಲ್ಲರೂ ನಕ್ಕರು. ಹೇಳಿದ್ದೆಲ್ಲ ಹಾಗೇ ಆಯಿತು. ದ್ಯಾಮವ್ವ ಒಲೆಯನ್ನು ಪಡಸಾಲೆಗೆ ತಂದಳು. ನೆರೆಯವರ ಬೋರಿನಿಂದ ಕೊಡ ಹೊತ್ತಳು. ಗೋಡೆಗುಂಟ ತೋಡಿದ ತಗ್ಗು ದಾಟಲು ಹಲಗೆ ಹಾಕಿದ್ದರು. ಅದರ ಮೇಲೆ ಸಮತೋಲ ಹಿಡಿದು ನಡೆಯುತ್ತ, "ಸರ್ಕಸ್ಸಿಗೆ ಸೇರಿದ್ರ ಪಗಾರರ ಬರ್ತಿತ್ತು" ಎಂದು ಗೊಣಗುತ್ತಿದ್ದಳು. ಆಗ ತಗ್ಗಿನಲ್ಲಿದ್ದ ನನಗೆ ಕಾಣುತ್ತಿದ್ದುದು ಅವಳ ಒಡೆದ ಹಿಮ್ಮಡಿ ಮಾತ್ರ. ಆ ಹಿಮ್ಮಡಿಯಲ್ಲೂ ಒಂದು ಉಮೇದು ಇತ್ತು.

ಅಗೆಯುತ್ತ ಅಗೆಯುತ್ತ ಈಶಾನ್ಯ ಮೂಲೆಗೆ ಬಂದಾಗ ಫಕ್ಕೀರಪ್ಪ ಗಿರಣಿಯಿಂದ ಓಡಿಬಂದು ಹಾರೆಗೆ ಅಡ್ಡ ನಿಂತ.

"ಆ ಮೂಲಿ ಒಂದ ಬಿಟ್ಟು ಬಿಡಪಾ."

"ಹೆಂಗ ಬಿಡ್ಲಿರಿ ಯಜಮಾನ್ರ? ಹೆಚ್ಚಿಗಿ ಕುಂತದ್ದು ಅದ ಮೂಲಿ."

"ಅಲ್ಲಿ ನಮ್ಮವ್ವ ಅದಾಳ."

ಪಾಯದ ಪೂಜೆಯ ದಿನ ಫಕ್ಕೀರಪ್ಪನ ತಾಯಿ ಆ ಮೂಲೆಯಲ್ಲಿ ನವಧಾನ್ಯದ ಕುಡಿಕೆ ಇಟ್ಟಿದ್ದಳಂತೆ. ಗಂಡ ತೀರಿದಾಗ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದ ತನ್ನ ಬೆಳ್ಳಿಯ ಕಾಲುಂಗುರವನ್ನೂ ಅದರೊಳಗೆ ಹಾಕಿದ್ದಳು. ಮನೆಗೆ ಸ್ಲ್ಯಾಬು ಹಾಕುವ ಮೊದಲೇ ಆಕೆ ಹೋಗಿಬಿಟ್ಟಳು. ಪಾಯದಲ್ಲಿ ಇಟ್ಟದ್ದನ್ನು ಕದಲಿಸಿದರೆ ಮನೆತನ ಉಳಿಯುವುದಿಲ್ಲ ಎಂಬುದು ಫಕ್ಕೀರಪ್ಪನ ಹಟ.

ಒಲೆ ಊದುತ್ತಿದ್ದ ದ್ಯಾಮವ್ವ ಅಲ್ಲಿಂದಲೇ ಅಂದಳು: "ನಿಮ್ಮವ್ವ ಸ್ಮಶಾನದಾಗ ಅದಾಳ. ಅಲ್ಲಿರೂದು ಕಾಲುಂಗುರ. ಅಯ್ಯನವರನ್ನ ಕರಸ್ರಿ, ಪೂಜಿ ಮಾಡಿ ತಗದು ಮತ್ತ ಹೊಳ್ಳಿ ಇಡೋಣು. ಆಕಿ ಬದುಕಿದ್ದಿದ್ರ ಮಮ್ಮಗಳ ಬಾಣಂತನಕ್ಕಂತ ತಾನ ಹಾರಿ ಹಿಡಿತಿದ್ಲು."

"ನೀ ಸುಮ್ನಿರ. ನಿನಗೇನು ತಿಳಿತೈತಿ."

ದ್ಯಾಮವ್ವ ಊದುಕೊಳವೆ ಕೆಳಗಿಟ್ಟು ಯಮನೂರಪ್ಪನ ಮುಖ ನೋಡಿದಳು. ಆಗಲ್ಲ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅವನಿಗೆ ಮುಂಡರಗಿಯಲ್ಲಿ ಇನ್ನೊಂದು ಮನೆ ಕಾಯುತ್ತಿತ್ತು. ತಗ್ಗು ನೋಡಿದ, ಮುಗಿಲು ನೋಡಿದ, ತಲೆ ಕೆರೆದುಕೊಂಡ.

"ಆತು ಬಿಡ್ರಿ. ಮೂಲಿಗಿ ಕೈ ಹಚ್ಚೂದಿಲ್ಲ. ಉಳಿದ ಗ್ವಾಡಿ ಎದ್ದಿತಂದ್ರ ಅದೂ ಬೆನ್ನ ಹಿಂದ ಬರತೈತಿ."

ಬರುವುದಿಲ್ಲ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನಿಗೆ ಬಾಯಿತ್ತು, ನನಗಿರಲಿಲ್ಲ.

ಆ ಮೂಲೆಗೆ ತೀರ ಪಕ್ಕದಲ್ಲಿ ಕೂರಿಸಿದ್ದು ನನ್ನನ್ನೇ. ಯಮನೂರಪ್ಪ ಸೀಟಿ ಊದಿದ. ಒಂದೊಂದು ಜಾಕಿಗೆ ಒಬ್ಬೊಬ್ಬ ಆಳು, ಎಲ್ಲರೂ ಒಟ್ಟಿಗೆ ಬೋಲ್ಟಿಗೆ ಕಾಲು ಗಿರಕಿ, ಅಂದರೆ ಕಾಲು ಸುತ್ತು, ಹಾಕಬೇಕು. ಸೀಟಿ, ಕಾಲು ಗಿರಕಿ. ಮತ್ತೆ ಸೀಟಿ, ಮತ್ತೆ ಕಾಲು ಗಿರಕಿ. ಗೋಡೆ ನಿದ್ದೆಯಿಂದ ಎದ್ದಂತೆ ನರಳಿತು. ನನ್ನ ಎಡಗಡೆ ಎಲ್ಲ ಹಗುರವಾಗಿ ಏಳುತ್ತಿತ್ತು. ಬಲಗಡೆ ಮೂಲೆ ಮಾತ್ರ ನೆಲ ಕಚ್ಚಿ ಕೂತಿತ್ತು. ಎಷ್ಟೋ ಭಾರ ಹೊತ್ತಿದ್ದೇನೆ. ಏಳಲು ಒಲ್ಲದ ಭಾರ ಹೊತ್ತದ್ದು ಅದೇ ಮೊದಲು. ನನ್ನ ಬೋಲ್ಟು ಬಾಗತೊಡಗಿತು.

"ಅಣ್ಣಾ, ಇದು ಬಾಳ ಬಿಗಿ ಆಗೈತಿ" ಎಂದು ನನ್ನ ಆಳು ಕೂಗಿದ.

"ಹಾಕ ಹಾಕ, ಇನ್ನೊಂದು ಹಾಕ."

ಹಾಕಿದ. ಕಿಟಕಿಯ ಮೂಲೆಯಿಂದ ನೆಲದವರೆಗೆ ಗೋಡೆ ಸೀಳಿತು. ಬಾಣಂತಿ ಕೋಣೆಯಲ್ಲಿ ನಿಂತರೆ ಹೊರಗಿನ ಬೇವಿನ ಗಿಡ ಕಾಣುತ್ತಿತ್ತು.

ಸೀಟಿ ನಿಂತಿತು. ಮರುದಿನ ಬೆಳಿಗ್ಗೆ ಬೀಗತಿ ಶಾಂತವ್ವ ಸೊಸೆ ಅನ್ನಪೂರ್ಣಳನ್ನು ಕರೆದುಕೊಂಡು ಬರುವವಳಿದ್ದಳು. ಬರಬೇಡಿರೆಂದು ಹೇಳಲು ದ್ಯಾಮವ್ವನಿಗೆ ಬಾಯಿ ಬರಲಿಲ್ಲ. ಗಂಡ ಹೆಂಡತಿ ಸೇರಿ ಬೀರುವನ್ನು ಎಳೆದು ಬಿರುಕಿಗೆ ಮರೆಮಾಡಿದರು, ಹಾಸಿಗೆಗೆ ಹೊಸ ಚಾದರ ಹಾಸಿದರು.

ಮೊದಲ ಬಸ್ಸಿಗೇ ಬಂದರು. ಅನ್ನಪೂರ್ಣ ಹೊಟ್ಟೆ ಹಿಡಿದುಕೊಂಡು ಹಲಗೆ ದಾಟಿದಳು. ಶಾಂತವ್ವ ಚೀಲ ಇಡಲು ಕೋಣೆಗೆ ಹೋದಳು. ಮೂಡಣ ದಿಕ್ಕಿನ ಗೋಡೆ, ಬೆಳಗಿನ ಹೊತ್ತು. ಬೀರುವಿನ ಹಿಂದಿನಿಂದ ಬಿಸಿಲಿನ ಕೋಲೊಂದು ಬಂದು ಹೊಸ ಚಾದರದ ಮೇಲೆ ಬಿದ್ದಿತ್ತು.

"ಅಕ್ಕಾರ, ನಿಮ್ಮ ಮನ್ಯಾಗ ಸೂರ್ಯಾ ಬೀರುವಿನ ಹಿಂದ ಹುಟ್ಟತಾನೇನ್ರಿ?"

ದ್ಯಾಮವ್ವ ಬಾಗಿಲಲ್ಲೇ ನಿಂತುಬಿಟ್ಟಳು. "ಎಂಟ ಹತ್ತ ದಿನದಾಗ ಸರಿ ಆಗತೈತ್ರಿ. ಅಲ್ಲೀತನಕ ನಮ್ಮ ತಂಗಿ ಮನ್ಯಾಗ ಇಟ್ಕೊಂಡು ನೋಡ್ಕೊತೀನಿ."

"ತವರಮನಿ ಅಂದ್ರ ತವರಮನಿರೀ. ಅವರಿವರ ಮನ್ಯಾಗ ಹಡಿಯಾಕ ನಮ್ಮ ಸೊಸಿಗೇನು ಗತಿ ಇಲ್ಲೇನು? ಹೊಟ್ಯಾಗ ಜೀವ ಇಟ್ಕೊಂಡಾಕಿನ ಈ ಗ್ವಾಡಿ ಬುಡಕ ಮಲಗಸ್ಲೇನು ನಾ?" ಶಾಂತವ್ವನ ಮಾತು ಒರಟಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

"ಅವ್ವಾ, ಮನಿ ನೆಟ್ಟಗ ಆದಮ್ಯಾಲ ಬರ್ತೀನಿ ತಗೋ" ಎಂದಳು ಅನ್ನಪೂರ್ಣ. ಚಹಾ ಕೂಡ ಕುಡಿಯದೆ ಅದೇ ಹಲಗೆ ಮೇಲೆ ಮರಳಿ ಹೋದರು.

ಬಸ್ಸಿನ ಸದ್ದು ಅಡಗಿದ ಮೇಲೆ ಫಕ್ಕೀರಪ್ಪ ತಗ್ಗಿಗಿಳಿದ. ಆಳನ್ನು ಕರೆಯಲಿಲ್ಲ. ತಾನೇ ಹಾರೆ ಹಿಡಿದು ಆ ಮೂಲೆ ಅಗೆದ. ನನ್ನ ಪಕ್ಕದಲ್ಲೇ ಮೊಣಕಾಲೂರಿ ಮಣ್ಣು ಬಗೆದ. ಕುಡಿಕೆಯ ಚೂರು ಸಿಕ್ಕಿತು, ಕಪ್ಪಿಟ್ಟ ಕಾಲುಂಗುರವೂ ಸಿಕ್ಕಿತು. ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಮಣ್ಣು ಒರೆಸಿದ.

ಮೇಲಿನಿಂದ ದ್ಯಾಮವ್ವ ನೋಡಿದಳು. "ಸಿಕ್ತಲ್ಲ? ಕಾಲಾಗ ಹಾಕ್ಕೋರಿ" ಎಂದು ಒಳಗೆ ಹೋದಳು.

ಆಮೇಲೆ ಮೂಲೆಯೂ ಎದ್ದಿತು. ನನ್ನ ಜಾಗದಲ್ಲಿ ಬೇರೆ ಜಾಕಿ ಕೂತು ಆ ಕೆಲಸ ಮಾಡಿತು. ಪಾಯ ಕಟ್ಟಿದರು, ಬಿರುಕು ತುಂಬಿದರು, ಸುಣ್ಣ ಬಳಿದರು. ಅಷ್ಟರಲ್ಲಿ ರೋಣದ ಆಸ್ಪತ್ರೆಯಲ್ಲಿ ಅನ್ನಪೂರ್ಣ ಹೆಣ್ಣುಕೂಸು ಹಡೆದಳು. ಬಾಣಂತನವೂ ಅಲ್ಲೇ ಆಯಿತು. ದ್ಯಾಮವ್ವ ಅಂಟಿನ ಉಂಡಿ ಕಟ್ಟಿ ಗಂಡನ ಕೈಯಲ್ಲಿ ಕಳಿಸಿದಳು. "ಇಲ್ಲೂ ಮಾಡೇವ್ರಿ, ಇರ್ಲಿ ಬಿಡ್ರಿ" ಎಂದು ಶಾಂತವ್ವ ಡಬ್ಬಿ ಇಳಿಸಿಕೊಂಡಳಂತೆ.

ಬಾಗಿದ ಬೋಲ್ಟಿನ ಜಾಕಿ ಯಾರಿಗೆ ಬೇಕು? ಯಮನೂರಪ್ಪ ನನ್ನನ್ನು ಬೇವಿನ ಗಿಡದ ಕೆಳಗೆ ಎಸೆದು ಹೋದ. ದ್ಯಾಮವ್ವನ ಅರಿವೆ ಒಗೆಯುವ ಕಲ್ಲು ಓಲಾಡುತ್ತಿತ್ತು. ಅದರಡಿ ನನ್ನನ್ನು ತುರುಕಿದಳು. ಇದೇ ನನ್ನ ಕೊನೆಯ ಕೆಲಸ. ತುಕ್ಕು ಹಿಡಿದಿದ್ದೇನೆ, ಸಾಬೂನಿನ ನೀರು ಕುಡಿಯುತ್ತೇನೆ. ಎದುರಿಗೇ ನಾವೆಲ್ಲ ಸೇರಿ ಎತ್ತಿದ ಗೋಡೆ ಕಾಣುತ್ತದೆ. ನೂಲು ಹಿಡಿದು ನೋಡಿದರೂ ತಪ್ಪು ಸಿಗದಷ್ಟು ನೆಟ್ಟಗೆ ನಿಂತಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಎಂಟು ದಿನ ಮೊದಲು ಏಳಲು ಅದಕ್ಕೇನು ಧಾಡಿಯಾಗಿತ್ತು? ಆದರೆ ಗೋಡೆಯನ್ನು ಬೈದು ಏನು ಬಂತು!

ಮೊನ್ನೆ ಅನ್ನಪೂರ್ಣ ಅತ್ತೆಯ ಜೊತೆ ಕೂಸು ತೋರಿಸಲು ಬಂದಿದ್ದಳು, ಬೆಳಿಗ್ಗೆ ಬಂದು ಸಂಜೆ ಹೋಗುವಂತೆ. ದ್ಯಾಮವ್ವ ಎತ್ತಿಕೊಂಡರೆ ಕೂಸು ಹೊಸ ಮುಖ ಕಂಡು ಚಿಟ್ಟನೆ ಚೀರಿ ಶಾಂತವ್ವನ ಕಡೆ ಕೈಚಾಚಿತು.

"ಕೋಣಿ ಆಗೈತಿ, ನೋಡ ಬಾರ" ಎಂದಳು ದ್ಯಾಮವ್ವ ಮಗಳಿಗೆ.

"ಇರ್ಲಿ ಬಿಡವ್ವಾ, ಬಸ್ಸಿಗಿ ಹೊತ್ತಾತು."

ಅವರು ಹೋದ ಮೇಲೆ ಕಟ್ಟೆಯ ಮೇಲೆ ಕೂಸಿನ ಹಸಿ ಅರಿವೆಯೊಂದು ಉಳಿದಿತ್ತು. ದ್ಯಾಮವ್ವ ಅದನ್ನು ತಂದು ನನ್ನ ಮೇಲಿನ ಕಲ್ಲಿಗೆ ಹಾಕಿದಳು. ಬಾಣಂತಿ ಮನೆಯಲ್ಲಿ ದಿನಕ್ಕೆ ಬುಟ್ಟಿಗಟ್ಟಲೆ ಬೀಳುವ ಅರಿವೆ ಅದು. ಇಲ್ಲಿ ಬಿದ್ದದ್ದು ಒಂದೇ. ಕುಕ್ಕಲಿಲ್ಲ, ಬಡಿಯಲಿಲ್ಲ. ಮೆಲ್ಲಗೆ ಉಜ್ಜಿದಳು, ಹಿಂಡಿದಳು, ಬಿಚ್ಚಿ ಮತ್ತೆ ನೀರಿಗೆ ಹಾಕಿದಳು.

ಗಿರಣಿಯಿಂದ ಬಂದ ಫಕ್ಕೀರಪ್ಪ ಬೇವಿನ ಗಿಡದ ಹತ್ತಿರ ನಿಂತು ನೋಡಿದ. "ಒಂದ ಅರಿವಿ ಎಷ್ಟ ಸಲ ತೊಳಿತೀ?"

ಅವಳು ಇನ್ನೊಂದು ತಂಬಿಗೆ ನೀರು ಹೊಯ್ದುಕೊಂಡಳು.