ಪೈಪಿಗೊಂದು ನೆರಿಗೆ ಪರದೆ

ಚೆಂದವಿಲ್ಲದ ವಸ್ತುಗಳನ್ನು ದೇವರು ಯಾಕಾದರೂ ಮನುಷ್ಯರ ಕೈಯಲ್ಲಿ ಮಾಡಿಸುತ್ತಾನೋ ಎಂದು ಆ ಮನೆಯ ಸೊಸೆ ಆಗಾಗ ಕೇಳುವುದಿತ್ತು. ಉತ್ತರ ಬರುವ ತನಕ ಕಾಯುವ ತಾಳ್ಮೆ ಅವಳಿಗಿಲ್ಲ. ಅಷ್ಟರಲ್ಲಿ ತಾನೇ ಅದಕ್ಕೊಂದು ಬಟ್ಟೆ ಹೊಲಿದುಬಿಡುತ್ತಿದ್ದಳು.

ಊರವರ ಸೋಫಾಗಳಿಗೆ ಗವಸು, ಕಿಟಕಿಗಳಿಗೆ ಪರದೆ ಹೊಲಿಯುವುದು ಅವಳ ಕಸುಬು. ಹಜಾರದ ಮೂಲೆಯಲ್ಲೇ ಹೊಲಿಗೆ ಮಷಿನ್ನು, ಗಿರಾಕಿಗಳು ಬಂದು ಕೂರುವುದೂ ಅಲ್ಲೇ. ಪರದೆ ಹೊಲಿಯುವವಳ ಮನೆಯೇ ಬೋಳುಬೋಳಾಗಿದ್ದರೆ ನಂಬಿ ಬಟ್ಟೆ ಕೊಡುವವರು ಯಾರು ಎಂಬುದು ಅವಳ ವಾದ. ಹಾಗಾಗಿ ಗ್ಯಾಸ್ ಸಿಲಿಂಡರಿಗೆ ಲಂಗ ಬಂತು. ಕರೆಂಟಿನ ಮೀಟರು ಹೂವಿನ ಚಿತ್ರದ ಹಿಂದೆ ಹೋಗಿ ಕೂತಿತು. ಒಮ್ಮೆ ರಿಪೇರಿಗೆ ಬಂದವನು ಮನೆಯೆಲ್ಲ ಹುಡುಕಿ, ಕೊನೆಗೆ "ಮೀಟರ್ ಇದೆಯೋ, ಮಾರ್ಕೊಂಡ್ರೋ?" ಎಂದು ಕೇಳಿದ.

"ಈ ಮನೇಲಿ ಒಂದು ಕಡೆ ಸುಮ್ನೆ ಕೂರೋಕೇ ಭಯ ಕಣಮ್ಮ. ಕಣ್ಣು ಮುಚ್ಚಿ ಬಿಡೋದರಲ್ಲಿ ನನಗೂ ಗವಸು ಹಾಕಿರ್ತಾಳೆ," ಎಂದು ಬಸ್ಸು ಓಡಿಸುವ ಗಂಡ ತಾಯಿಯ ಹತ್ತಿರ ದೂರುತ್ತಿದ್ದ.

"ಹಾಕ್ಲಿ ಬಿಡೋ. ನಿನ್ನ ಹೊಟ್ಟೆ ಆದ್ರೂ ಮುಚ್ಚುತ್ತೆ," ಎಂದು ಅತ್ತೆ ಸೊಸೆಯ ಪಕ್ಷ ವಹಿಸುತ್ತಿದ್ದಳು.

ಅತ್ತೆ ಸೊಸೆಯರಲ್ಲಿ ಅಂಥ ಹೊಂದಾಣಿಕೆ. ಮಗು ಹುಟ್ಟಿದ ಮೇಲಂತೂ ಸೊಸೆ ನಿಶ್ಚಿಂತೆಯಿಂದ ಮಷಿನ್ನು ತುಳಿಯುತ್ತಿದ್ದಳು. ಮಗು ಕುಯ್ ಎಂದರೆ ಸಾಕು, ಅತ್ತೆ ಕೋಣೆಯಿಂದ ಬಂದು ಎಡಗೈಯಲ್ಲಿ ಎತ್ತಿಕೊಂಡು, ಗೋಡೆಯ ಪಕ್ಕದಲ್ಲೇ ಹಿಂದಕ್ಕೂ ಮುಂದಕ್ಕೂ ನಡೆಯುತ್ತ ದೇವರ ಪದಗಳನ್ನು ಮೆಲ್ಲಗೆ ಗುನುಗುವಳು. ನಾಲ್ಕು ಪದ ಮುಗಿಯುವುದರೊಳಗೆ ಮಗು ನಿದ್ದೆಗೆ ಜಾರುತ್ತಿತ್ತು.

ಉಳಿದಿದ್ದದ್ದು ಆ ಗೋಡೆಯ ಪೈಪು. ಅತ್ತೆಯ ಕೋಣೆಯ ಬಾಗಿಲಿನ ಪಕ್ಕದಲ್ಲಿ ಶುರುವಾಗಿ, ಸೊಂಟದೆತ್ತರದಲ್ಲಿ ಹಜಾರದ ಉದ್ದಕ್ಕೂ ಸಾಗಿ, ತೊಟ್ಟಿಲನ್ನು ದಾಟಿ ಅಡುಗೆಮನೆ ಸೇರುವ ಕಬ್ಬಿಣದ ನೀರಿನ ಪೈಪು. ಬಣ್ಣ ಎದ್ದು ಹೋಗಿ, ಜಾಯಿಂಟು ಜಾಯಿಂಟಿಗೂ ಗಂಟು ಗಂಟಾಗಿ, ಗೋಡೆಗೆ ಹುಣ್ಣು ಎದ್ದ ಹಾಗೆ ಕಾಣುತ್ತಿತ್ತು. ಒಮ್ಮೆ ಗಿರಾಕಿಯೊಬ್ಬಳು ಅದನ್ನೇ ದಿಟ್ಟಿಸಿ ನೋಡಿ, ಪರದೆಯ ಮಾತು ಬಿಟ್ಟು, "ನಿಮ್ಮದು ತುಂಬಾ ಹಳೇ ಮನೆ ಅಲ್ವಾ?" ಅಂದುಬಿಟ್ಟಳು. ಸೊಸೆಗೆ ಅಷ್ಟು ಸಾಕಾಯಿತು.

"ಆ ಪೈಪು ನಿನಗೇನಮ್ಮ ಮಾಡ್ತು? ಅದರ ಪಾಡಿಗೆ ಅದಿದೆ," ಎಂದಳು ಅತ್ತೆ. ಎಂದೂ ಯಾವುದಕ್ಕೂ ಅಡ್ಡ ಹೇಳದವಳು.

"ಅತ್ತೇ, ಮುಗಿದ ಮೇಲೆ ನೋಡಿ. ನೀವೇ ಭೇಷ್ ಅಂತೀರ."

ಬಡಗಿ ಬಂದು ಪೈಪಿನ ಮೇಲೆ ಉದ್ದಕ್ಕೂ ಹಲಗೆಗಳನ್ನು ಸ್ಕ್ರೂ ಹಾಕಿ ಕೂರಿಸಿ ಹೋದ. ಹಲಗೆಯಿಂದ ನೆಲದವರೆಗೆ ಸೊಸೆ ನೆರಿಗೆ ನೆರಿಗೆಯಾಗಿ ಗೋಧಿಬಣ್ಣದ ಪರದೆ ಇಳಿಬಿಟ್ಟಳು. ಹಲಗೆಯ ಮೇಲೆ ಗಾಜಿನ ಹೂದಾನಿ, ಪಿಂಗಾಣಿ ಹಕ್ಕಿಗಳು, ಪುಟ್ಟ ಕುಂಡಗಳು. ಹಜಾರಕ್ಕೆ ಕಳೆ ಬಂತು. ಗಂಡ ಕೂಡ ತಮಾಷೆ ಮರೆತು, "ಚೆನ್ನಾಗಿದೆ ಕಣೇ," ಎಂದ.

ಮಾರನೆಯ ಬೆಳಿಗ್ಗೆಯೇ ಹೂದಾನಿ ನೆಲಕ್ಕೆ ಬಿದ್ದು ಚೂರಾಯಿತು. ಸೊಸೆ ಅಡುಗೆಮನೆಯಿಂದ ಓಡಿ ಬಂದರೆ ಅತ್ತೆ ಹಲಗೆಯ ಪಕ್ಕ ನಿಂತಿದ್ದಾಳೆ, ಕೈ ಇನ್ನೂ ಗಾಳಿಯಲ್ಲಿದೆ. "ಕೈ ತಗುಲಿತಮ್ಮ," ಎಂದು ಹಿಂದೆ ಸರಿದು ಕೋಣೆ ಸೇರಿಕೊಂಡಳು. ಸೊಸೆ ಚೂರು ಗುಡಿಸುತ್ತ ಯೋಚಿಸಿದಳು: ಹಜಾರ ಇಷ್ಟು ಅಗಲ ಇದೆ, ಹಲಗೆಗೆ ಅಂಟಿಕೊಂಡೇ ಯಾಕೆ ನಡೆಯಬೇಕು? ಆ ಸಂಜೆ ಒಂದು ಹಕ್ಕಿ ಬಿತ್ತು. ಇದು ತಗುಲಿದ್ದಲ್ಲ, ಬೇಕೆಂದೇ ಬೀಳಿಸಿದ್ದು ಎಂದು ಸೊಸೆಯ ಮನಸ್ಸು ತೀರ್ಪು ಕೊಟ್ಟೇಬಿಟ್ಟಿತು.

ಆಮೇಲೆ ಅತ್ತೆ ಹೊರಗೆ ಬರುವುದನ್ನೇ ಬಿಟ್ಟಳು. ಮಗು ಅತ್ತರೆ ಕೋಣೆಯೊಳಗಿಂದಲೇ ಪದ ಕೇಳಿಸುತ್ತಿತ್ತು, ಕೈ ಮಾತ್ರ ಬರುತ್ತಿರಲಿಲ್ಲ. ಸೊಸೆ ಒಮ್ಮೆ ತಾನೇ ಮಗುವನ್ನು ಕೊಡಲು ಹೋದಾಗ ಅತ್ತೆ ಕೈ ಮಡಿಚಿಕೊಂಡು, "ಬೇಡಮ್ಮ, ತೋಳು ನೋಯುತ್ತೆ," ಎಂದಳು.

ಅದು ಸೊಸೆಯ ಎದೆಗೆ ಚುಚ್ಚಿತು. ರಾತ್ರಿ ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು: "ನನ್ನ ಮೇಲೆ ಕೋಪ ಇದ್ರೆ ನನಗೆ ಬೈಲಿ ರೀ. ಹಸುಗೂಸಿನ ಮೇಲೆ ತೀರಿಸ್ಕೊಳ್ಳೋದಾ? ಒಂದು ಪೈಪಿಗೋಸ್ಕರ!"

"ವಯಸ್ಸಾದವರು. ನೀನೇ ಸ್ವಲ್ಪ ತಗ್ಗು," ಎಂದ ಗಂಡ.

"ಎಷ್ಟು ತಗ್ಗಲಿ? ನೆಲದೊಳಗೆ ಹೋಗಲಾ?"

ಮಾತು ಅಲ್ಲಿಗೇ ನಿಂತರೂ ಮುನಿಸು ನಿಲ್ಲಲಿಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಸೂರಿನಡಿ, ಒಂದೇ ದೇವರಿಗೆ ಕೈಮುಗಿಯುತ್ತ, ಒಬ್ಬರನ್ನೊಬ್ಬರು ಮಾತಾಡಿಸದೆ ದಿನ ದೂಡಿದರು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬಳನ್ನು ಕಳಿಸಲು ಸೊಸೆ ಬೀದಿಬಾಗಿಲ ತನಕ ಹೋದಳು. ಮಾತು ಬೆಳೆಯಿತು. ಒಳಗೆ ಮಗು ಅಳತೊಡಗಿದ್ದು ಕೇಳಿ ತಿರುಗಿ ಬಂದವಳು ಹಜಾರದ ಹೊಸ್ತಿಲಲ್ಲೇ ನಿಂತಳು.

ಅತ್ತೆ ನೆಲದ ಮೇಲಿದ್ದಳು. ಬಿದ್ದಿರಲಿಲ್ಲ. ಕೂತಲ್ಲಿಂದಲೇ ತೆವಳುತ್ತ, ಅಂಗೈಯಿಂದ ಮುಂದಿನ ನೆಲವನ್ನು ಒಮ್ಮೆ ತಟ್ಟಿ, ಅಷ್ಟು ದೂರ ಸರಿದು, ಮತ್ತೆ ತಟ್ಟಿ, "ಬಂದೆ ಮರಿ, ಬಂದೆ ನನ್ನ ಚಿನ್ನಾ," ಎನ್ನುತ್ತ ಅಳುವಿನ ಸದ್ದನ್ನು ಹಿಡಿದುಕೊಂಡು ಹೊರಟಿದ್ದಳು. ತೊಟ್ಟಿಲು ಕೈಗೆ ಸಿಕ್ಕಿತು. ಕೈ ಒಳಗಿಟ್ಟು ಮಗುವಿನ ಹೊಟ್ಟೆ ಸವರಿದಳು, ತೂಗಿದಳು. ಎತ್ತಿಕೊಳ್ಳಲಿಲ್ಲ. ಹಾಗೇ ಮುಖ ಎತ್ತಿ ಬಾಗಿಲ ಕಡೆ ನೋಡಿದಳು. ಎದುರಿಗೇ ಸೊಸೆ ನಿಂತಿದ್ದರೂ ಆ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಅತ್ತೇ..." ಎಂದಳು ಸೊಸೆ.

ತೂಗುವ ಕೈ ನಿಂತಿತು. "ನೋಡ್ತಾ ಇದ್ಯಾ?"

"ನಿಮಗೆ ಕಣ್ಣು ಎಷ್ಟು ದಿನದಿಂದ...?"

"ನೀನು ಬಸುರಿ ಆಗೋಕೂ ಮುಂಚಿನಿಂದ. ಹಾಲು ಸೋಸೋ ಬಟ್ಟೆಯೊಳಗಿಂದ ನೋಡಿದ ಹಾಗೆ ಕಾಣ್ತಿತ್ತು. ಈಗ ಬಟ್ಟೆ ದಪ್ಪ ಆಗಿದೆ. ಆ ಪೈಪು ಹಿಡ್ಕೊಂಡು ಓಡಾಡ್ತಿದ್ದೆ ತಾಯಿ. ಮೊದಲನೇ ಗಂಟು ನಿನ್ನ ಮಷಿನ್ನು, ಎರಡನೇ ಗಂಟು ತೊಟ್ಟಿಲು, ಆಮೇಲೆ ಅಡುಗೆಮನೆ."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮಗು ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ, ಅದೇ ನಿಜ. ಇಷ್ಟು ತಿಂಗಳು ತನ್ನ ಕೂಸು ಕಣ್ಣು ಕಾಣದವಳ ಕೈಯಲ್ಲಿತ್ತು! ಸೊಸೆ ತಟ್ಟನೆ ಮಗುವನ್ನು ಎತ್ತಿ ಅವುಚಿಕೊಂಡಳು. ಒಂದು ಕೆಟ್ಟ ಮಾತು ನಾಲಿಗೆಯ ತುದಿಗೆ ಬಂತು.

ದೇವರ ದಯೆ ಎಂದರೆ ಕೆಲವೊಮ್ಮೆ ಇಷ್ಟೇ: ನಾಲಿಗೆಗಿಂತ ಮೊದಲು ಯೋಚನೆ ಬಂದು ತಲುಪುವುದು. ಪೈಪು ಮುಚ್ಚಿದ ಮೇಲೆ ಈಕೆ ಒಂದು ಸಲವಾದರೂ ಮಗುವನ್ನು ಎತ್ತಿಕೊಂಡಳೇ? ತಾನಾಗಿ ಕೊಡಲು ಹೋದಾಗಲೂ ತೋಳು ನೋವೆಂದು ಸುಳ್ಳು ಹೇಳಿ ಕೈ ಮಡಿಚಿಕೊಂಡಳು. ಜೀವಕ್ಕಿಂತ ಹೆಚ್ಚಾದ ಕೂಸು ಅಳುವುದನ್ನು ಕೇಳಿಕೊಂಡು ಕೋಣೆಯಲ್ಲಿ ಕೂತಳು. ಕಲ್ಲುಮನಸ್ಸಿನವಳು ಎನಿಸಿಕೊಂಡಳೇ ಹೊರತು, ಹಿಡಿಯಲು ಆಸರೆಯಿಲ್ಲದೆ ಒಂದು ಹೆಜ್ಜೆಯನ್ನೂ ಮಗುವಿನ ಜೊತೆ ಇಡಲಿಲ್ಲ. ಇದಕ್ಕಿಂತ ಜೋಪಾನ ಮಾಡುವವರನ್ನು ಎರಡು ಕಣ್ಣಿದ್ದವರಲ್ಲಿ ಎಲ್ಲಿಂದ ಹುಡುಕಿ ತರುವುದು?

ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಅತ್ತೆಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಸೊಸೆ ಸ್ಕ್ರೂಡ್ರೈವರು ತಂದಳು. ಕುಂಡಗಳು ಇಳಿದವು. ಹಕ್ಕಿಗಳು ಇಳಿದವು. ನೆರಿಗೆ ಪರದೆ ಒಟ್ಟಿಗೆ ಕಳಚಿಕೊಂಡು ಬಂತು.

"ಏನು ಮಾಡ್ತಿದ್ದೀಯ? ಗಿರಾಕಿಗಳು ಏನಂದಾರು?" ಎಂದಳು ಅತ್ತೆ, ಸದ್ದು ಹಿಡಿದು.

"ಏನಾದ್ರೂ ಅಂದುಕೊಳ್ಳಲಿ. ಅವರು ಪರದೆ ಕೊಳ್ಳೋಕೆ ಬರ್ತಾರೆ, ಪೈಪು ಕೊಳ್ಳೋಕಲ್ಲ. ಆದ್ರೆ ಅತ್ತೇ, ಬಿಟ್ಟಿ ಅಲ್ಲ ಇದು. ನಾಳೆ ಕಣ್ಣಿನ ಡಾಕ್ಟರ ಹತ್ರ ಬರಬೇಕು. ನಿಮ್ಮ ಮಗನಿಗೆ ನೀವೇ ಬಾಯಿಬಿಟ್ಟು ಹೇಳಬೇಕು."

"ಕೊಯ್ತಾರೇನೇ?"

"ಕೊಯ್ದರೆ ನಾನು ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತಿರ್ತೀನಿ."

"ಹೂಂ," ಎಂದಳು ಅತ್ತೆ. ಅದು ಅಳುವೋ ನಗುವೋ ತಿಳಿಯಲಿಲ್ಲ.

ಕೊನೆಯ ಹಲಗೆ ಬಿಚ್ಚಿ ಗೋಡೆಗೆ ಒರಗಿಸಿ, ಸೊಸೆ ಮಗುವನ್ನು ತಂದು ಅತ್ತೆಯ ಎಡತೋಳಿನಲ್ಲಿ ಇಟ್ಟಳು. ಬಲಗೈಯನ್ನು ತಾನೇ ಒಯ್ದು ಪೈಪಿನ ಮೇಲೆ ಇರಿಸಿದಳು. ಮುದುಕಿಯ ಬೆರಳುಗಳು ಕಬ್ಬಿಣವನ್ನು ಗುರುತು ಹಿಡಿದು ಬಿಗಿಯಾದವು. ಮೊದಲನೆಯ ಪದ ಮೆಲ್ಲಗೆ ಎದ್ದಿತು.

ಅತ್ತೆ ನಡೆದಳು. ಸೊಸೆ ಎರಡೂ ಕೈ ಚಾಚಿಕೊಂಡು ಹಿಂದೆಯೇ ಹೊರಟಳು. ಹಜಾರದ ಅರ್ಧಕ್ಕೆ ಬಂದಾಗ ಮಗುವಿನ ಕಣ್ಣು ಮುಚ್ಚುತ್ತಿರುವುದು ಕಾಣಿಸಿತು. ಅವಳು ಚಾಚಿದ ಕೈಗಳನ್ನು ನಿಧಾನವಾಗಿ ಇಳಿಸಿದಳು. ಅಲ್ಲಿಂದ ಮುಂದಕ್ಕೆ ಹೋಗದೆ, ತಿರುಗಿ ಮಷಿನ್ನಿನ ಮುಂದೆ ಕೂತು, ಅರ್ಧಕ್ಕೆ ಬಿಟ್ಟಿದ್ದ ಹೊಲಿಗೆಯನ್ನು ಕೈಗೆತ್ತಿಕೊಂಡಳು.